ಚೀಟಿಯ ಹಿಂದಿನ ಋಣ

2022ರ ಫೆಬ್ರುವರಿ 22ರಂದು ಸುಪ್ರೀಂ ಕೋರ್ಟ್ ಆದಾಯ ತೆರಿಗೆಯ ಒಂದು ತಕರಾರನ್ನು ಇತ್ಯರ್ಥ ಮಾಡಿತು. ಅಪೆಕ್ಸ್ ಲ್ಯಾಬೊರೇಟರೀಸ್ ಎಂಬ ಔಷಧ ಕಂಪನಿ ತನ್ನ ಜಿಂಕೋವಿಟ್ ಎಂಬ ವಿಟಮಿನ್ ಉತ್ಪನ್ನದ ಪ್ರಚಾರಕ್ಕಾಗಿ ವೈದ್ಯರಿಗೆ ಚಿನ್ನದ ನಾಣ್ಯ, ಎಲ್‌ಸಿಡಿ ಟೀವಿ, ಫ್ರಿಜ್ಜು, ಲ್ಯಾಪ್‌ಟಾಪ್ ಕೊಟ್ಟಿತ್ತು. ಸಮ್ಮೇಳನಗಳ ಶುಲ್ಕ ಕಟ್ಟಿತ್ತು, ಆತಿಥ್ಯದ ಖರ್ಚು ಹೊತ್ತಿತ್ತು. ಇದಕ್ಕೆಲ್ಲ ತಗುಲಿದ ಸುಮಾರು 4.72 ಕೋಟಿ ರೂಪಾಯಿಯನ್ನು ವ್ಯಾಪಾರದ ಖರ್ಚೆಂದು ಲೆಕ್ಕದಲ್ಲಿ ತೋರಿಸಿ, ಅಷ್ಟನ್ನು ತನ್ನ ಆದಾಯದಿಂದ ಕಳೆಯಬೇಕೆಂದು ಕೇಳಿತ್ತು. ತೆರಿಗೆ ಇಲಾಖೆ ಪೂರ್ತಿ ಒಪ್ಪದೇ ಹೋದಾಗ ವ್ಯಾಜ್ಯ ಮೆಟ್ಟಿಲು ಮೆಟ್ಟಿಲಾಗಿ ದೆಹಲಿಯವರೆಗೆ ಹೋಯಿತು.

ಕಂಪನಿಯ ವಾದ ಹೀಗಿತ್ತು: ವೈದ್ಯರು ಔಷಧ ಕಂಪನಿಗಳಿಂದ ಉಡುಗೊರೆ ಪಡೆಯಬಾರದೆಂದು ಭಾರತೀಯ ವೈದ್ಯಕೀಯ ಪರಿಷತ್ತು 2009ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದ್ದು ನಿಜ. ಆದರೆ ಪರಿಷತ್ತಿನ ಅಧಿಕಾರ ನಡೆಯುವುದು ವೈದ್ಯರ ಮೇಲೆ ಮಾತ್ರ. ತೆಗೆದುಕೊಳ್ಳುವುದು ಅವರಿಗೆ ನಿಷಿದ್ಧವಾದರೂ ಕೊಡುವುದು ಕಂಪನಿಗೆ ನಿಷಿದ್ಧವಲ್ಲ. ನ್ಯಾಯಮೂರ್ತಿಗಳಾದ ಯು.ಯು. ಲಲಿತ್ ಮತ್ತು ಎಸ್. ರವೀಂದ್ರ ಭಟ್ ಅವರ ಪೀಠ ಇದನ್ನು ಒಪ್ಪಲಿಲ್ಲ. ಪಡೆಯುವವರಿಗೆ ತಪ್ಪಾದದ್ದು ಕೊಡುವವರಿಗೆ ಸರಿಯಾಗದು ಎಂದು ಅದು ಹೇಳಿತು. ಪೀಠ ಎತ್ತಿದ ಇನ್ನೊಂದು ಅಂಶ ಇನ್ನೂ ಮುಖ್ಯವಾದದ್ದು: ಈ ಕೊಡುಗೆಗಳು ಹೆಸರಿಗಷ್ಟೇ ಉಚಿತ. ಅವುಗಳ ವೆಚ್ಚ ಔಷಧದ ಬೆಲೆಯೊಳಗೆ ಸೇರಿಕೊಂಡು ಕೊನೆಗೆ ರೋಗಿಯ ತಲೆಯ ಮೇಲೆ ಬೀಳುತ್ತದೆ.

ಆ ಮೊಕದ್ದಮೆಯಲ್ಲಿ ಒಂದು ಕಡೆ ಕಂಪನಿ ಇತ್ತು, ಇನ್ನೊಂದು ಕಡೆ ತೆರಿಗೆ ಇಲಾಖೆ. ಫ್ರಿಜ್ಜು ಪಡೆದ ವೈದ್ಯರು ಕಕ್ಷಿದಾರರಾಗಿರಲಿಲ್ಲ. ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾತ್ರೆ ಕೊಂಡ ರೋಗಿಯೂ ಅಲ್ಲಿರಲಿಲ್ಲ. ಈ ವಿಷಯದಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯ ಕೊಟ್ಟ ಇಷ್ಟು ಸ್ಪಷ್ಟವಾದ ತೀರ್ಪು ರೋಗಿಯ ಹಕ್ಕಿನ ಪ್ರಕರಣವಾಗಿ ಬರದೆ ಸರ್ಕಾರದ ಖಜಾನೆಗೆ ಎಷ್ಟು ತೆರಿಗೆ ಸಲ್ಲಬೇಕು ಎಂಬ ಲೆಕ್ಕಾಚಾರದ ನೆಪದಲ್ಲಿ ಬಂತು. ಯಾರ ಹಣ ಖರ್ಚಾಗುತ್ತಿದೆಯೋ, ಯಾರ ದೇಹದೊಳಗೆ ಔಷಧ ಹೋಗುತ್ತಿದೆಯೋ ಅವರು ಇಡೀ ವ್ಯವಹಾರದಲ್ಲಿ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ. ಈ ಉಪನ್ಯಾಸ ಅವರ ಕಡೆಯಿಂದ ನೋಡುವ ಪ್ರಯತ್ನ.

ಹಾಗೆ ನೋಡುವುದೆಂದರೆ ವೈದ್ಯರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಎಂದು ಯಾರೂ ಭಾವಿಸಬೇಕಿಲ್ಲ. ವೈದ್ಯರು ಪ್ರಾಮಾಣಿಕರೋ ಅಲ್ಲವೋ ಎಂಬ ಪ್ರಶ್ನೆಯಿಂದ ಶುರುಮಾಡಿದರೆ ಚರ್ಚೆ ಅಲ್ಲೇ ಹೂತುಹೋಗುತ್ತದೆ. ಬಹುಪಾಲು ವೈದ್ಯರು ಪ್ರಾಮಾಣಿಕರೆಂದೇ ಇಟ್ಟುಕೊಳ್ಳೋಣ. ಪ್ರಾಮಾಣಿಕ ವೈದ್ಯರ ಕೈಯನ್ನೂ ಉಡುಗೊರೆ ಬದಲಾಯಿಸುತ್ತದೆ ಎಂಬುದೇ ಕಳೆದ ಕೆಲವು ದಶಕಗಳ ಅಧ್ಯಯನಗಳು ತೋರಿಸಿಕೊಟ್ಟಿರುವ ಕಹಿಸತ್ಯ.

ಇಂಥ ಉಡುಗೊರೆಯ ಪೈಪೋಟಿ ಭಾರತದಲ್ಲಿ ಏಕಿಷ್ಟು ಜೋರಾಗಿದೆ ಎಂಬುದಕ್ಕೆ ಇಲ್ಲಿನ ಔಷಧ ಮಾರುಕಟ್ಟೆಯ ರಚನೆಯೇ ಕಾರಣ. 1970ರ ಪೇಟೆಂಟ್ ಕಾಯ್ದೆ ಔಷಧವನ್ನೇ ಪೇಟೆಂಟ್ ಮಾಡುವುದಕ್ಕೆ ಅವಕಾಶ ಕೊಡದೆ, ತಯಾರಿಸುವ ವಿಧಾನಕ್ಕಷ್ಟೇ ಕೊಟ್ಟಿತು. ದೇಶೀ ಕಂಪನಿಗಳು ಬೆಳೆದವು, ಔಷಧ ಅಗ್ಗವಾಯಿತು, ಜಗತ್ತಿನ ಬಡದೇಶಗಳಿಗೂ ಅದರಿಂದ ಉಪಕಾರವಾಯಿತು. ಅದರ ಜೊತೆಗೇ ಇನ್ನೊಂದು ಬೆಳೆಯಿತು. ಒಂದೇ ಔಷಧವನ್ನು ಹತ್ತಾರು ಕಂಪನಿಗಳು ಹತ್ತಾರು ಬ್ರ್ಯಾಂಡ್ ಹೆಸರಿನಲ್ಲಿ ಮಾರತೊಡಗಿದವು. ಒಳಗಿನ ವಸ್ತು ಒಂದೇ ಆಗಿರುವಾಗ ತನ್ನದು ಹೆಚ್ಚಿನದು ಎಂದು ಹೇಳಲು ಕಂಪನಿಯ ಬಳಿ ವಿಜ್ಞಾನದ ಮಾತು ಬಹಳ ಇರುವುದಿಲ್ಲ. ಸೋಪಿನಂತೆ ಟೀವಿಯಲ್ಲಿ ಜಾಹೀರಾತು ಕೊಟ್ಟು ಕೊಳ್ಳುವವರನ್ನು ಒಲಿಸಿಕೊಳ್ಳೋಣವೆಂದರೆ, ಚೀಟಿಯ ಮೇಲೆ ಮಾರುವ ಔಷಧಗಳಿಗೆ ಹಾಗೆ ಜಾಹೀರಾತು ಕೊಡುವಂತಿಲ್ಲ. ಆರಿಸುವವರು ವೈದ್ಯರು, ದುಡ್ಡು ಕೊಡುವವರು ರೋಗಿ. ಆರಿಸುವವರಿಗೆ ಬೆಲೆಯ ಬಿಸಿ ತಟ್ಟುವುದಿಲ್ಲ, ದುಡ್ಡು ಕೊಡುವವರಿಗೆ ಆಯ್ಕೆಯಿಲ್ಲ. ಹೀಗಾಗಿ ಮಾರಾಟದ ಹಣವೆಲ್ಲ ವೈದ್ಯರ ಪೆನ್ನಿನ ಸುತ್ತ ಸುರಿಯುತ್ತದೆ.

ಆ ಪೆನ್ನಿನ ಹತ್ತಿರ ಕಂಪನಿಯ ಪರವಾಗಿ ದಿನವೂ ಹೋಗಿ ನಿಲ್ಲುವವರು ಮೆಡಿಕಲ್ ರೆಪ್‌ಗಳು. ಹೆಗಲಿಗೆ ಬ್ಯಾಗು, ಇಸ್ತ್ರಿ ಹಾಕಿದ ಶರ್ಟು, ಕ್ಲಿನಿಕ್ಕಿನ ಬಾಗಿಲಲ್ಲಿ ರೋಗಿಗಳ ಸಾಲು ಕರಗುವುದನ್ನೇ ಕಾಯುವ ತಾಳ್ಮೆ. ಒಳಗೆ ಸಿಗುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಬ್ರ್ಯಾಂಡಿನ ಹೆಸರು ಹೇಳಬೇಕು, ಸ್ಯಾಂಪಲ್ ಕೊಡಬೇಕು, ಮುಂದಿನ ಸಿಎಂಇ (ಮುಂದುವರಿದ ವೈದ್ಯಕೀಯ ಶಿಕ್ಷಣ) ಕಾರ್ಯಕ್ರಮಕ್ಕೆ ಕರೆಯಬೇಕು. ಅವರ ಇನ್ನೊಂದು ಕೆಲಸ ರೋಗಿಗಳ ಕಣ್ಣಿಗೆ ಬೀಳುವುದಿಲ್ಲ. ಅಕ್ಕಪಕ್ಕದ ಮೆಡಿಕಲ್ ಶಾಪ್‌ಗಳಿಗೆ ಹೋಗಿ ಯಾವ ವೈದ್ಯರ ಚೀಟಿಯಲ್ಲಿ ಯಾವ ಬ್ರ್ಯಾಂಡು ಎಷ್ಟು ಬರುತ್ತಿದೆ ಎಂದು ಕೇಳಿ ಬರೆದುಕೊಳ್ಳುವುದು. ಆ ವೃತ್ತಿಯಲ್ಲಿ ಇದಕ್ಕೆ ಆರ್‌ಸಿಪಿಎ ಎನ್ನುತ್ತಾರೆ. ಯಾವ ವೈದ್ಯರ ಮೇಲೆ ಎಷ್ಟು ಖರ್ಚು ಮಾಡಿದರೆ ಎಷ್ಟು ಹುಟ್ಟುತ್ತದೆ ಎಂಬ ಅಂದಾಜು ನಿಲ್ಲುವುದು ಈ ಬರಹದ ಮೇಲೆ. ಅಮೆರಿಕದಲ್ಲಿ ಇದೇ ಕೆಲಸವನ್ನು ಔಷಧದಂಗಡಿಗಳ ಕಂಪ್ಯೂಟರ್ ದಾಖಲೆಗಳನ್ನು ಕೊಂಡು ಮಾಡುತ್ತಿದ್ದರು. ಅಲ್ಲಿ ರೆಪ್ ಆಗಿದ್ದ ಶಹ್ರಾಮ್ ಅಹಾರಿ ಮತ್ತು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ವೈದ್ಯೆ ಆಡ್ರಿಯನ್ ಫ್ಯೂ-ಬರ್ಮನ್ ಸೇರಿ 2007ರಲ್ಲಿ ಬರೆದ ಲೇಖನವೊಂದರಲ್ಲಿ ಈ ಕಸುಬಿನ ಒಳಗುಟ್ಟುಗಳೆಲ್ಲ ಹೊರಬಿದ್ದವು. ವೈದ್ಯರ ಮಕ್ಕಳ ಹೆಸರು, ಅವರ ಹವ್ಯಾಸ, ಊಟದ ರುಚಿ ಎಲ್ಲವನ್ನೂ ರೆಪ್‌ಗಳು ಗುರುತು ಹಾಕಿಕೊಳ್ಳುತ್ತಿದ್ದರು. ಸ್ನೇಹವೇ ಮಾರಾಟದ ಸಾಧನವಾಗಿತ್ತು.

ರೆಪ್‌ಗಳನ್ನು ದೂರುವುದರಲ್ಲಿ ನ್ಯಾಯವಿಲ್ಲ. ತಿಂಗಳ ಟಾರ್ಗೆಟ್ ಮುಟ್ಟದಿದ್ದರೆ ಅವರ ಕೆಲಸಕ್ಕೇ ಕುತ್ತು. 1976ರಲ್ಲಿ ಅವರಿಗಾಗಿಯೇ ಸೇವಾ ಷರತ್ತುಗಳ ಕಾಯ್ದೆಯೊಂದು ಬಂದಿದ್ದರೂ ಬದುಕಿನ ಆತಂಕ ತಪ್ಪಿಲ್ಲ. ವೈದ್ಯರಿಗೆ ಕೊಡುಗೆ ಕೊಡುವುದನ್ನು ಕಾನೂನಿನಿಂದಲೇ ತಡೆಯಬೇಕೆಂದು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವರು ಯಾರೆಂದು ಕೇಳಿದರೆ ಈ ಮಾತಿನ ತೂಕ ತಿಳಿಯುತ್ತದೆ. ಅದು ಗ್ರಾಹಕರ ಸಂಘವಲ್ಲ, ವೈದ್ಯರ ಸಂಘವೂ ಅಲ್ಲ. ಮೆಡಿಕಲ್ ರೆಪ್‌ಗಳ ಅಖಿಲ ಭಾರತ ಒಕ್ಕೂಟವೇ ಆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ಬ್ಯಾಗು ಹೊತ್ತು ತಿರುಗಿದವರೇ ಬ್ಯಾಗಿನಲ್ಲಿ ಏನಿದೆಯೆಂದು ನ್ಯಾಯಾಲಯಕ್ಕೆ ಹೇಳಲು ಬಂದರು.

ಆ ಅರ್ಜಿಯ ವಿಚಾರಣೆಯಲ್ಲೇ 2022ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹೆಸರು ದೇಶದ ತುಂಬ ಕೇಳಿಬಂತು. ಅದಕ್ಕೂ ಮುನ್ನ ಜುಲೈನಲ್ಲಿ ಆದಾಯ ತೆರಿಗೆ ಇಲಾಖೆ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಕಂಪನಿಯ ಮೇಲೆ ದಾಳಿ ನಡೆಸಿತ್ತು. ಒಂಬತ್ತು ರಾಜ್ಯಗಳ 36 ಸ್ಥಳಗಳಲ್ಲಿ ಶೋಧ ನಡೆದಿದೆ, ಉಚಿತ ಕೊಡುಗೆಗಳ ಮೊತ್ತ ಸುಮಾರು 1,000 ಕೋಟಿ ರೂಪಾಯಿ ಎಂಬ ಅಂದಾಜಿದೆ ಎಂದು ಕೇಂದ್ರ ನೇರ ತೆರಿಗೆ ಮಂಡಳಿ ಕಂಪನಿಯ ಹೆಸರೆತ್ತದೆ ಪ್ರಕಟಣೆ ಹೊರಡಿಸಿತು. ಕೋವಿಡ್ ಕಾಲದಲ್ಲಿ ಮನೆಮನೆಯ ಮಾತಾಗಿದ್ದ ಡೋಲೋ 650 ಈ ಕಂಪನಿಯದೇ. ಒಕ್ಕೂಟದ ಪರ ವಕೀಲರು ಈ ಮೊತ್ತವನ್ನು ನ್ಯಾಯಾಲಯದಲ್ಲಿ ಪ್ರಸ್ತಾಪಿಸಿದಾಗ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ತಮಗೆ ಕೋವಿಡ್ ಬಂದಾಗಲೂ ಅದೇ ಮಾತ್ರೆ ತೆಗೆದುಕೊಳ್ಳಲು ಹೇಳಿದ್ದರೆಂದು ನೆನೆದು, ಇದು ಗಂಭೀರ ವಿಷಯ ಎಂದರು. ಅವರ ಜೊತೆ ಪೀಠದಲ್ಲಿದ್ದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ. ಕಂಪನಿ ಆರೋಪವನ್ನು ಅಲ್ಲಗಳೆಯಿತು. ಆ ಒಂದು ಮಾತ್ರೆಯ ಮಾರಾಟವೇ ಅಷ್ಟಿರಲಿಲ್ಲ, ಅದೊಂದಕ್ಕೇ 1,000 ಕೋಟಿ ಚೆಲ್ಲುವುದು ಹೇಗೆ ಸಾಧ್ಯ ಎಂದು ಕೇಳಿತು. ಆ ಆಕ್ಷೇಪದಲ್ಲಿ ಹುರುಳಿದೆ. ತೆರಿಗೆ ಮಂಡಳಿಯ ಪ್ರಕಟಣೆಯೂ ಆ ಮೊತ್ತವನ್ನು ಒಂದೇ ಮಾತ್ರೆಯ ಲೆಕ್ಕಕ್ಕೆ ಹಾಕಿರಲಿಲ್ಲ. ಆದರೆ ಪ್ಯಾರಾಸಿಟಮಾಲ್ ಎಂಬ ಹಳೆಯ, ಅಗ್ಗದ, ಎಲ್ಲರೂ ತಯಾರಿಸುವ ಔಷಧದ ಒಂದೇ ಒಂದು ಬ್ರ್ಯಾಂಡು ಇಡೀ ದೇಶದ ನಾಲಗೆಯ ಮೇಲೆ ಹೇಗೆ ಬಂತು ಎಂಬ ಕುತೂಹಲವನ್ನು ಆ ವರ್ಷ ಸಾಮಾನ್ಯ ಜನ ಜೋರಾಗಿ ವ್ಯಕ್ತಪಡಿಸಿದರು. ಅಷ್ಟರ ಮಟ್ಟಿಗೆ ಅದು ಒಳ್ಳೆಯದೇ ಆಯಿತು.

ಇನ್ನು ಉಡುಗೊರೆ ಹೇಗೆ ಕೆಲಸ ಮಾಡುತ್ತದೆ ಎಂಬ ಮಾತು.

1992ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಇಬ್ಬರು ಸಂಶೋಧಕರು, ಆರ್ಲೋವ್‌ಸ್ಕಿ ಮತ್ತು ವಾಟೆಸ್ಕಾ, ಸಣ್ಣದೊಂದು ಅಧ್ಯಯನ ಪ್ರಕಟಿಸಿದರು. ಎರಡು ಔಷಧಗಳ ಬಗ್ಗೆ ವಿಹಾರತಾಣಗಳಲ್ಲಿ ವಿಚಾರಗೋಷ್ಠಿ ನಡೆಯಲಿತ್ತು. ಪ್ರಯಾಣ, ವಸತಿ, ಊಟ ಎಲ್ಲ ಕಂಪನಿಯದು. ಹೊರಡುವ ಮುನ್ನ ವೈದ್ಯರನ್ನು ಮಾತಾಡಿಸಿದಾಗ ಬಹುಪಾಲು ಜನ, ಇದರಿಂದ ತಮ್ಮ ಔಷಧದ ಆಯ್ಕೆ ಬದಲಾಗುವುದಿಲ್ಲ ಎಂದರು. ಸುಳ್ಳು ಹೇಳುವ ಅಗತ್ಯ ಅವರಿಗಿರಲಿಲ್ಲ, ಹಾಗೆಂದೇ ನಂಬಿದ್ದರು. ಸಂಶೋಧಕರು ಆಸ್ಪತ್ರೆಯ ಔಷಧ ದಾಸ್ತಾನಿನ ಲೆಕ್ಕ ತೆಗೆದು ಹಿಂದಿನದನ್ನೂ ಮುಂದಿನದನ್ನೂ ಹೋಲಿಸಿದರು. ಪ್ರವಾಸದ ನಂತರ ಒಂದು ಔಷಧದ ಬಳಕೆ ಮೂರು ಪಟ್ಟಿಗೂ ಹೆಚ್ಚಾಗಿತ್ತು, ಇನ್ನೊಂದರದು ಎರಡೂವರೆ ಪಟ್ಟು. ಬೇರೆ ಆಸ್ಪತ್ರೆಗಳಲ್ಲಿ ಅದೇ ಅವಧಿಯಲ್ಲಿ ಅಂಥ ಏರಿಕೆ ಇರಲಿಲ್ಲ.

2001ರಲ್ಲಿ ಬಂದ ಇನ್ನೊಂದು ಅಧ್ಯಯನದ ಫಲಿತಾಂಶ ಯಾರನ್ನೂ ತಡೆದು ನಿಲ್ಲಿಸುವಂಥದು. ತರಬೇತಿಯಲ್ಲಿದ್ದ ಕಿರಿಯ ವೈದ್ಯರನ್ನು ಕೇಳಿದಾಗ, ಕಂಪನಿಗಳ ಸಂಪರ್ಕ ತಮ್ಮ ಚೀಟಿಯ ಮೇಲೆ ಪ್ರಭಾವ ಬೀರುವುದಿಲ್ಲ ಎಂದವರು ಶೇಕಡ 61. ಉಳಿದ ವೈದ್ಯರ ಮೇಲೂ ಪ್ರಭಾವ ಬೀರುವುದಿಲ್ಲ ಎಂದವರು ಶೇಕಡ 16 ಮಾತ್ರ. ಪಕ್ಕದವರಲ್ಲಿ ಸ್ಪಷ್ಟವಾಗಿ ಕಾಣುವುದು ತನ್ನಲ್ಲಿ ಕಾಣುವುದಿಲ್ಲ. ನಿಯಮ ಬೇಕಾಗುವುದು ಇದಕ್ಕೇ.

ದೊಡ್ಡ ಪ್ರವಾಸವಾದರೆ ಸರಿ, ಒಂದು ಊಟದಿಂದ ಏನಾದೀತು ಎಂದು ಕೇಳುವವರಿದ್ದಾರೆ. ಅದಕ್ಕೂ ಉತ್ತರ ಸಿಕ್ಕಿದೆ. ಔಷಧ ಕಂಪನಿಗಳು ವೈದ್ಯರಿಗೆ ಕೊಡುವ ಸಂದಾಯಗಳನ್ನು ಸರ್ಕಾರಕ್ಕೆ ವರದಿ ಮಾಡಬೇಕೆಂದು ಅಮೆರಿಕ 2010ರಲ್ಲಿ ಕಾನೂನು ಮಾಡಿತು. 2014ರ ಸೆಪ್ಟೆಂಬರ್‌ನಿಂದ ಆ ಮಾಹಿತಿ ಸಾರ್ವಜನಿಕರಿಗೆ ಸಿಗತೊಡಗಿತು. ಯಾರು ಬೇಕಾದರೂ ತಮ್ಮ ವೈದ್ಯರ ಹೆಸರು ಹಾಕಿ ನೋಡಬಹುದು. ಆ ಮಾಹಿತಿಯನ್ನು ಚೀಟಿಗಳ ದಾಖಲೆಯೊಡನೆ ಜೋಡಿಸಿ 2016ರಲ್ಲಿ ಪ್ರಕಟವಾದ ಅಧ್ಯಯನ ಎರಡೂಮುಕ್ಕಾಲು ಲಕ್ಷಕ್ಕೂ ಹೆಚ್ಚು ವೈದ್ಯರನ್ನು ಒಳಗೊಂಡಿತ್ತು. ಸಂದಾಯಗಳಲ್ಲಿ ಶೇಕಡ 95 ಊಟಗಳೇ, ಸರಾಸರಿ ಬೆಲೆ 20 ಡಾಲರಿಗೂ ಕಡಿಮೆ. ಒಂದೇ ಒಂದು ಊಟ ಪಡೆದ ವೈದ್ಯರು ಕೂಡ ಆ ಕಂಪನಿಯ ಬ್ರ್ಯಾಂಡನ್ನು ಊಟ ಪಡೆಯದವರಿಗಿಂತ ಹೆಚ್ಚು ಬರೆಯುತ್ತಿದ್ದರು. ಊಟಗಳ ಸಂಖ್ಯೆ ಏರಿದಂತೆ ಬರೆಯುವುದೂ ಏರುತ್ತಿತ್ತು. ಊಟವೇ ಕಾರಣ ಎಂದು ಇದರಿಂದ ಖಡಾಖಂಡಿತವಾಗಿ ಹೇಳಲು ಬರುವುದಿಲ್ಲ. ಆ ಬ್ರ್ಯಾಂಡನ್ನು ಮೊದಲೇ ಇಷ್ಟಪಡುವವರನ್ನೇ ಕಂಪನಿ ಊಟಕ್ಕೆ ಕರೆದಿರಬಹುದು. ಹಾಗೆಂದರೂ ಸಮಾಧಾನವಾಗುವುದಿಲ್ಲ. ಕಂಪನಿಗಳು ವರ್ಷಗಟ್ಟಲೆ ಲೆಕ್ಕ ಹಾಕಿ ಖರ್ಚು ಮಾಡುತ್ತವೆ. ಫಲ ಕೊಡದ ಊಟವನ್ನು ಅವು ಇಷ್ಟು ಕಾಲ ಬಡಿಸುತ್ತಿರಲಿಲ್ಲ.

ಅನ್ನ ಹಾಕಿದ ಮನೆಯ ಋಣ ನಮ್ಮ ಜನಕ್ಕೆ ಹೊಸದಲ್ಲ. ಉಂಡ ಮನೆಗೆ ಎರಡು ಬಗೆಯಬಾರದೆಂದು ಬೆಳೆದವರು ನಾವು. ಆ ಒಳ್ಳೆಯ ಗುಣವನ್ನೇ ಇಲ್ಲಿ ಬಳಸಿಕೊಳ್ಳಲಾಗುತ್ತದೆ. ವೈದ್ಯರು ಕೃತಘ್ನರಾಗಲು ಒಲ್ಲದೆ ಬರೆಯುವ ಒಂದು ಸಾಲು ರೋಗಿಯ ಜೇಬಿನಿಂದ ತೀರುತ್ತದೆ. ಇನ್ನೊಬ್ಬರ ಹಣದಲ್ಲಿ ತೀರಿಸುವ ಋಣ ಇದು.

ಹಣವಷ್ಟೇ ಹೋಗುವುದಾದರೆ ಹೇಗೋ ಸಹಿಸಬಹುದು, ಆದರೆ ಕೆಲವೊಮ್ಮೆ ಬದುಕೇ ಹಾಳಾಗುತ್ತದೆ. ಪರ್ಡ್ಯೂ ಫಾರ್ಮಾ ಎಂಬ ಅಮೆರಿಕದ ಕಂಪನಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಅದು ಅಫೀಮಿನ ವರ್ಗಕ್ಕೆ ಸೇರಿದ ಔಷಧ. 2001ರವರೆಗಿನ ಐದು ವರ್ಷಗಳಲ್ಲಿ ಫ್ಲಾರಿಡಾ, ಅರಿಜೋನ, ಕ್ಯಾಲಿಫೋರ್ನಿಯಾಗಳ ವಿಹಾರಧಾಮಗಳಲ್ಲಿ 40ಕ್ಕೂ ಹೆಚ್ಚು ಸಮ್ಮೇಳನಗಳನ್ನು ಅದು ನಡೆಸಿತು. 5,000ಕ್ಕೂ ಮಿಕ್ಕಿ ವೈದ್ಯರು, ಫಾರ್ಮಸಿಸ್ಟರು, ನರ್ಸುಗಳು ಕಂಪನಿಯ ಖರ್ಚಿನಲ್ಲಿ ಹೋಗಿಬಂದರು. ಕಂಪನಿಯ ಪರ ಭಾಷಣ ಮಾಡಲು ಅವರಲ್ಲೇ ಜನರನ್ನು ಆರಿಸಿಕೊಂಡು ತರಬೇತಿ ಕೊಡಲಾಯಿತು. ಚಟ ಹತ್ತುವ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದು ರೆಪ್‌ಗಳು ಹೇಳಿಕೊಂಡು ತಿರುಗಿದರು. 1996ರಲ್ಲಿ 4.8 ಕೋಟಿ ಡಾಲರ್ ಇದ್ದ ಮಾರಾಟ 2000ದ ಹೊತ್ತಿಗೆ 110 ಕೋಟಿ ಡಾಲರಿನ ಹತ್ತಿರ ಬಂತು. 2007ರಲ್ಲಿ ಕಂಪನಿಯ ಅಂಗಸಂಸ್ಥೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, ದಂಡ ಮತ್ತು ಪರಿಹಾರವೆಲ್ಲ ಸೇರಿ 60 ಕೋಟಿ ಡಾಲರಿಗೂ ಹೆಚ್ಚು ಹಣ ಕಟ್ಟಿತು. ಅಷ್ಟರಲ್ಲಿ ಊರೂರುಗಳೇ ಚಟಕ್ಕೆ ಸಿಕ್ಕಿ ಕುಸಿದಿದ್ದವು. ಅದೇ ದಾರಿ ಹಿಡಿದ ಇನ್‌ಸಿಸ್ ಎಂಬ ಇನ್ನೊಂದು ಕಂಪನಿ ಅದೇ ವರ್ಗದ ಫೆಂಟನಿಲ್ ಎಂಬ ಔಷಧದ ಸ್ಪ್ರೇ ಬರೆಯುವ ವೈದ್ಯರಿಗೆ ಭಾಷಣದ ಸಂಭಾವನೆಯ ಹೆಸರಿನಲ್ಲಿ ಲಂಚ ಕೊಟ್ಟಿತು. ಅದರ ಸಂಸ್ಥಾಪಕ, ಭಾರತದಲ್ಲಿ ಹುಟ್ಟಿದ ಜಾನ್ ಕಪೂರ್, 2020ರ ಜನವರಿಯಲ್ಲಿ ಐದೂವರೆ ವರ್ಷಗಳ ಜೈಲು ಶಿಕ್ಷೆಗೆ ಗುರಿಯಾದರು. ಸಭಾಂಗಣ, ಸ್ಲೈಡುಗಳು, ಪ್ರಶ್ನೋತ್ತರ, ಊಟ, ಎಲ್ಲವೂ ಶಿಕ್ಷಣದ ರೂಪದಲ್ಲೇ ನಡೆದಿತ್ತು ಎಂಬುದನ್ನು ಮರೆಯಬಾರದು.

ಭಾರತದಲ್ಲಿ ನಿಯಮಗಳೇ ಇಲ್ಲವೆಂದಲ್ಲ. 2002ರ ವೈದ್ಯಕೀಯ ನೀತಿಸಂಹಿತೆಗೆ 2009ರಲ್ಲಿ ಸೇರಿದ 6.8ನೇ ನಿಯಮ ಉಡುಗೊರೆ, ಪ್ರಯಾಣ, ಆತಿಥ್ಯ, ನಗದು ಎಲ್ಲವನ್ನೂ ಹೆಸರಿಸಿ ಬೇಡವೆನ್ನುತ್ತದೆ. 2016ರಲ್ಲಿ ಶಿಕ್ಷೆಯ ಪಟ್ಟಿಯೂ ಬಂತು. 1,000ದಿಂದ 5,000 ರೂಪಾಯಿಯ ಉಡುಗೊರೆಗೆ ಛೀಮಾರಿ, 10,000ದವರೆಗಿನದಕ್ಕೆ ಮೂರು ತಿಂಗಳು ನೋಂದಣಿ ರದ್ದು, ಒಂದು ಲಕ್ಷ ಮೀರಿದರೆ ಒಂದು ವರ್ಷಕ್ಕೂ ಹೆಚ್ಚು. ಆದರೆ ಅದೇ ತಿದ್ದುಪಡಿಯಲ್ಲಿ ಇನ್ನೊಂದು ಬದಲಾವಣೆ ನಡೆಯಿತು. ಮೊದಲು ನಿಯಮ ವೈದ್ಯರಿಗೂ ವೈದ್ಯರ ಸಂಘಗಳಿಗೂ ಅನ್ವಯಿಸುತ್ತಿತ್ತು. ಸಂಘಗಳನ್ನು ಅದರಿಂದ ಕೈಬಿಡಲಾಯಿತು. ಒಬ್ಬ ವೈದ್ಯ ನೇರವಾಗಿ ಪಡೆದರೆ ತಪ್ಪಾಗುವ ಹಣ ಅವರ ಸಂಘದ ಸಮ್ಮೇಳನಕ್ಕೆ ಪ್ರಾಯೋಜಕತ್ವವಾಗಿ ಬಂದರೆ ತಪ್ಪಲ್ಲ ಎಂದಾಯಿತು. ಇಡೀ ನಿಯಮದ ಜೀವ ಹೋದದ್ದು ಅಲ್ಲಿ. 2023ರ ಆಗಸ್ಟ್ 2ರಂದು, ಪರಿಷತ್ತಿನ ಜಾಗಕ್ಕೆ ಬಂದಿದ್ದ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಾವಳಿ ತಂದು, ಕಂಪನಿ ಪ್ರಾಯೋಜಿತ ಶೈಕ್ಷಣಿಕ ಕಾರ್ಯಕ್ರಮಗಳಿಗೆ ವೈದ್ಯರು ಹೋಗಬಾರದೆಂದಿತು. ಬ್ರ್ಯಾಂಡ್ ಹೆಸರಿನ ಬದಲು ಜೆನೆರಿಕ್, ಅಂದರೆ ಮೂಲ ಔಷಧದ, ಹೆಸರಲ್ಲೇ ಬರೆಯಬೇಕೆಂಬ ಕಟ್ಟಳೆಯೂ ಅದರಲ್ಲಿತ್ತು. ವೈದ್ಯರ ವಲಯದಿಂದ ವಿರೋಧ ಬಂತು. ಮೂರೇ ವಾರಗಳಲ್ಲಿ ಆಯೋಗ ಇಡೀ ನಿಯಮಾವಳಿಯನ್ನು ತಡೆಹಿಡಿಯಿತು.

ಜೆನೆರಿಕ್‌ಗಳ ಗುಣಮಟ್ಟದ ಬಗೆಗಿನ ವೈದ್ಯರ ಅಳುಕನ್ನು ಬರೀ ನೆಪವೆಂದು ತಳ್ಳಿಹಾಕುವುದು ಸರಿಯಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಬಾಣಂತಿಯರು ಸಾಲಾಗಿ ತೀರಿಕೊಂಡರು. ಅವರಿಗೆ ಕೊಟ್ಟ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು, ರಾಜ್ಯ ಸರ್ಕಾರ ಔಷಧ ನಿಯಂತ್ರಕರನ್ನೇ ಅಮಾನತು ಮಾಡಿತು. ಗುಣಮಟ್ಟಕ್ಕೆ ಸರ್ಕಾರ ಹೊಣೆಯಾಗದಿದ್ದಾಗ ವೈದ್ಯರು ಪರಿಚಿತ ಬ್ರ್ಯಾಂಡಿಗೆ ಅಂಟಿಕೊಳ್ಳುವುದು ಸಹಜ. ಆದರೆ ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯಗಳ ಕೊರತೆಯನ್ನು ಫ್ರಿಜ್ಜು, ವಿಮಾನದ ಟಿಕೆಟ್ಟುಗಳು ತುಂಬಿಕೊಡುವುದಿಲ್ಲ. ಬ್ರ್ಯಾಂಡನ್ನು ನಂಬಿ ಬರೆಯುವುದು ಒಂದು, ಬ್ರ್ಯಾಂಡಿನಿಂದ ಪಡೆದು ಬರೆಯುವುದು ಇನ್ನೊಂದು.

ಇನ್ನು ಕಂಪನಿಗಳ ಮೇಲಿನ ನಿಯಮ. ಔಷಧ ಮಾರಾಟದ ಏಕರೂಪ ಸಂಹಿತೆ 2015ರಿಂದ ಇದ್ದರೂ ಅದನ್ನು ಪಾಲಿಸುವುದು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದಾಗಿತ್ತು. 2024ರ ಮಾರ್ಚ್ 12ರಂದು ಕೇಂದ್ರದ ಔಷಧ ಇಲಾಖೆ ಹೊಸ ಸಂಹಿತೆ ಹೊರಡಿಸಿತು. ವೈದ್ಯರಿಗೂ ಅವರ ಕುಟುಂಬದವರಿಗೂ ಉಡುಗೊರೆ ಕೊಡಬಾರದು, ಶೈಕ್ಷಣಿಕ ಕಾರ್ಯಕ್ರಮವನ್ನು ವಿದೇಶದಲ್ಲಿ ನಡೆಸಬಾರದು, ಸ್ಯಾಂಪಲ್‌ಗಳ ಮೌಲ್ಯ ವಾರ್ಷಿಕ ದೇಶೀ ಮಾರಾಟದ ಶೇಕಡ 2 ಮೀರಬಾರದು, ಕಂಪನಿಯ ಮುಖ್ಯಸ್ಥರೇ ವರ್ಷಕ್ಕೊಮ್ಮೆ ಸ್ವಯಂ ಘೋಷಣೆ ಕೊಡಬೇಕು. ಓದಲು ಬಿಗಿಯಾಗಿದೆ. ಅದನ್ನು ಒರೆಗೆ ಹಚ್ಚುವ ಪ್ರಕರಣ ಅದೇ ವರ್ಷ ಬಂತು. ಆಬ್‌ವೀ ಎಂಬ ಬಹುರಾಷ್ಟ್ರೀಯ ಕಂಪನಿಯ ಭಾರತೀಯ ಶಾಖೆ 30 ವೈದ್ಯರನ್ನು ಸೌಂದರ್ಯ ಚಿಕಿತ್ಸೆಯ ಸಮ್ಮೇಳನಗಳ ಹೆಸರಿನಲ್ಲಿ ಮೊನಾಕೊ ಮತ್ತು ಪ್ಯಾರಿಸ್‌ಗೆ ಕಳಿಸಿತ್ತು. ಖರ್ಚು 1.91 ಕೋಟಿ ರೂಪಾಯಿ. 2024ರ ಡಿಸೆಂಬರ್‌ನಲ್ಲಿ ಔಷಧ ಇಲಾಖೆ ಕಂಪನಿಯದು ತಪ್ಪೆಂದು ಕಂಡು ಛೀಮಾರಿ ಹಾಕಿತು. ತೆರಿಗೆಯ ವಿಚಾರವನ್ನು ತೆರಿಗೆ ಮಂಡಳಿಗೂ ವೈದ್ಯರ ವಿಚಾರವನ್ನು ವೈದ್ಯಕೀಯ ಆಯೋಗಕ್ಕೂ ದಾಟಿಸಿತು. ಇಲಾಖೆಯ ಕೈಯಲ್ಲಿ ಅದಕ್ಕಿಂತ ಹೆಚ್ಚಿನ ಅಸ್ತ್ರ ಇರಲಿಲ್ಲ, ಏಕೆಂದರೆ ಸಂಹಿತೆಯ ಬೆನ್ನಿಗೆ ಶಾಸನವಿಲ್ಲ. ಸುಮಾರು ಎರಡು ಕೋಟಿ ಖರ್ಚು ಮಾಡಬಲ್ಲ ಕಂಪನಿಗೆ ಛೀಮಾರಿಯ ಕಾಗದ ಎಷ್ಟು ಭಾರವಾದೀತು?

ಇಲ್ಲಿ ಒಂದು ಕಾಯ್ದೆಯನ್ನು ನೆನೆಯಬೇಕು. ಈ ಚರ್ಚೆಗಳಲ್ಲಿ ಅದರ ಹೆಸರು ಬರುವುದು ಅಪರೂಪ ಎಂಬುದು ಬೇಸರದ ಸಂಗತಿ. 1992ರಲ್ಲಿ ಸಂಸತ್ತು ಶಿಶು ಆಹಾರ ಮತ್ತು ಹಾಲಿನ ಪುಡಿಗಳ ಮಾರಾಟವನ್ನು ನಿಯಂತ್ರಿಸುವ ಕಾಯ್ದೆ ಮಾಡಿತು. ಹಾಲುಪುಡಿ ಕಂಪನಿಗಳು ಹೆರಿಗೆ ಆಸ್ಪತ್ರೆಗಳಿಗೂ ಮಕ್ಕಳ ವೈದ್ಯರಿಗೂ ಹತ್ತಿರವಾಗಿ, ಎದೆಹಾಲು ಕುಡಿಯಬೇಕಾದ ಕೂಸುಗಳ ಬಾಯಿಗೆ ಬಾಟಲಿ ಇಡಿಸುತ್ತಿವೆ ಎಂಬ ಕಳವಳ ಜಗತ್ತಿನಾದ್ಯಂತ ಎದ್ದಿದ್ದ ಕಾಲ ಅದು. 2003ರಲ್ಲಿ ಆ ಕಾಯ್ದೆಯನ್ನು ಇನ್ನೂ ಬಿಗಿಗೊಳಿಸಲಾಯಿತು. ಅದರ 9ನೇ ಸೆಕ್ಷನ್ ಪ್ರಕಾರ ಈ ಕಂಪನಿಗಳು ಯಾವುದೇ ಆರೋಗ್ಯ ಕಾರ್ಯಕರ್ತರಿಗಾಗಲಿ ಅವರ ಸಂಘಕ್ಕಾಗಲಿ ಹಣದ ಪ್ರಯೋಜನ ಕೊಡುವಂತಿಲ್ಲ. ವಿಚಾರಗೋಷ್ಠಿ, ಸಮ್ಮೇಳನ, ಶಿಕ್ಷಣ, ಫೆಲೋಶಿಪ್, ಸಂಶೋಧನೆ, ಪ್ರಾಯೋಜಕತ್ವ ಎಲ್ಲವೂ ನಿಷಿದ್ಧವೆಂದು ಅಲ್ಲಿ ಒಂದೊಂದಾಗಿ ಬರೆದಿದೆ. ಮೀರಿದರೆ ಮೂರು ವರ್ಷಗಳವರೆಗೆ ಜೈಲು. ನಿಷೇಧ ಇರುವುದು ಕೊಡುವವರ ಮೇಲೆ, ಸಂಘದ ಹಿಂಬಾಗಿಲೂ ಮುಚ್ಚಿದೆ, ಜೊತೆಗೆ ಶಾಸನದ ಬಲವಿದೆ. ಔಷಧದ ವಿಷಯದಲ್ಲಿ ಒಟ್ಟಿಗೆ ಎಲ್ಲೂ ಇಲ್ಲದಿರುವ ಈ ಮೂರೂ ಅಂಶಗಳು ಹಾಲುಪುಡಿಯ ವಿಷಯದಲ್ಲಿ ಎರಡು ದಶಕಗಳಿಂದ ಪುಸ್ತಕದಲ್ಲಿವೆ. ಉಲ್ಲಂಘನೆಗಳು ನಡೆಯುತ್ತಲೇ ಇವೆ, ನಿಜ. ಆದರೂ ಆ ಕಾಯ್ದೆಯಿಂದ ಮಕ್ಕಳ ವೈದ್ಯಶಾಸ್ತ್ರ ಹಿಂದುಳಿಯಲಿಲ್ಲ, ಮಕ್ಕಳ ವೈದ್ಯರ ಸಮ್ಮೇಳನಗಳು ನಿಂತುಹೋಗಲಿಲ್ಲ.

ಪ್ರಾಯೋಜಕರಿಲ್ಲದೆ ವೈದ್ಯರು ಹೊಸ ವಿಷಯ ಕಲಿಯುವುದು ಹೇಗೆ ಎಂಬುದು ಈ ಇಡೀ ಚರ್ಚೆಯಲ್ಲಿ ಕೇಳಿಬರುವ ಅತ್ಯಂತ ಗಟ್ಟಿಯಾದ ಆಕ್ಷೇಪ. ತಾಲ್ಲೂಕು ಕೇಂದ್ರದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ರೋಗಿಗಳನ್ನು ನೋಡುವ ವೈದ್ಯರಿಗೆ ಹೊಸ ಔಷಧದ ಸುದ್ದಿ ತಲುಪುವುದು ರೆಪ್ ಮೂಲಕವೇ. ಸ್ಯಾಂಪಲ್‌ಗಳನ್ನು ಬಡ ರೋಗಿಗಳಿಗೆ ಹಂಚುವ ವೈದ್ಯರೂ ಎಷ್ಟೋ ಜನ ಇದ್ದಾರೆ. ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಸ್ಯಾಂಪಲ್ ಆಗಿ ಬರುವುದು ಸಾಮಾನ್ಯವಾಗಿ ಕಂಪನಿ ಮುಂದಕ್ಕೆ ನೂಕಬೇಕೆಂದಿರುವ ಹೊಸ, ದುಬಾರಿ ಬ್ರ್ಯಾಂಡು. ಮೊದಲ ವಾರ ಪುಕ್ಕಟೆ ಸಿಕ್ಕ ಬಿಪಿ ಮಾತ್ರೆಯನ್ನು ರೋಗಿ ಮುಂದೆ ಜೀವಮಾನವಿಡೀ ಕೊಳ್ಳಬೇಕು.

ರೆಪ್‌ಗಳ ವಿಧಾನವನ್ನೇ ರೋಗಿಯ ಪರವಾಗಿ ತಿರುಗಿಸಲು ಸಾಧ್ಯವೆಂದು ತೋರಿಸಿದವರು ಹಾರ್ವರ್ಡ್‌ನ ವೈದ್ಯ ಜೆರಿ ಏವಾರ್ನ್. ತರಬೇತಿ ಪಡೆದ ಫಾರ್ಮಸಿಸ್ಟರನ್ನು ಅವರು ವೈದ್ಯರ ಕ್ಲಿನಿಕ್‌ಗಳಿಗೇ ಕಳಿಸಿದರು. ಕೈಯಲ್ಲಿ ಯಾವ ಬ್ರ್ಯಾಂಡಿನ ಸ್ಯಾಂಪಲ್ಲೂ ಇಲ್ಲ, ಒಳ್ಳೆಯ ಪುರಾವೆ ಮಾತ್ರ. ಅನಗತ್ಯ ಔಷಧಗಳನ್ನು ಬರೆಯುವುದು ಅದರಿಂದ ಕಡಿಮೆಯಾಯಿತೆಂದು 1983ರ ಅವರ ಅಧ್ಯಯನ ತೋರಿಸಿತು. ಫ್ರಾನ್ಸಿನಲ್ಲಿ 1981ರಿಂದ ನಡೆದುಬಂದಿರುವ ಪ್ರೆಸ್ಕ್ರೀರ್ ಎಂಬ ಪತ್ರಿಕೆ ಒಂದೂ ಔಷಧ ಜಾಹೀರಾತಿಲ್ಲದೆ, ಚಂದಾ ಹಣದಲ್ಲೇ ವೈದ್ಯರಿಗೆ ಔಷಧಗಳ ಗುಣದೋಷ ಹೇಳುತ್ತಿದೆ. ನಮ್ಮಲ್ಲಿ ಧಾರವಾಡದಿಂದ ಡಾ. ಗೋಪಾಲ ದಾಬಡೆ ಮತ್ತು ಅವರ ಡ್ರಗ್ ಆಕ್ಷನ್ ಫೋರಂ – ಕರ್ನಾಟಕ ಸಂಸ್ಥೆ ವೈಚಾರಿಕ ಔಷಧ ಬಳಕೆಯ ಬಗ್ಗೆ ಬಹುಕಾಲದಿಂದ ದುಡಿದಿದೆ. ವೃತ್ತಿಯೊಳಗಿನ ಕೊಳೆಯ ಬಗ್ಗೆ ಮಹಾರಾಷ್ಟ್ರದ ಡಾ. ಅರುಣ ಗದ್ರೆ ಮತ್ತು ಡಾ. ಅಭಯ ಶುಕ್ಲಾ 2016ರಲ್ಲಿ ಪುಸ್ತಕ ತಂದಾಗ ಅವರೊಡನೆ ಮನಬಿಚ್ಚಿ ಮಾತಾಡಿದವರು 78 ಜನ ವೈದ್ಯರು. ಬದಲಾವಣೆ ಬೇಕೆನ್ನುವವರು ವೈದ್ಯರೊಳಗೇ ಇದ್ದಾರೆ. ಅವರಿಗೆ ಬೇಕಿರುವುದು ಕಾನೂನಿನ ಆಸರೆ.

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ರಾಜ್ಯದ ಮಟ್ಟದಲ್ಲೇ ಸಾಧ್ಯವಿರುವ ಒಂದು ಹೆಜ್ಜೆಯನ್ನು ಈ ಉಪನ್ಯಾಸ ಮುಂದಿಡುತ್ತದೆ. 2002ರ ನೀತಿಸಂಹಿತೆಯ ಪ್ರಕಾರ ವೈದ್ಯರು ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆ ಮುಂದುವರಿದ ವೈದ್ಯಕೀಯ ಶಿಕ್ಷಣ ಪಡೆಯಬೇಕು. ಸಿಎಂಇಗಳಿಗೆ ಕ್ರೆಡಿಟ್ ಅಂಕ ಕೊಡುವುದು ರಾಜ್ಯ ವೈದ್ಯಕೀಯ ಪರಿಷತ್ತು. ಔಷಧ ಕಂಪನಿಯ ಹಣ ಸೋಂಕಿದ ಯಾವ ಕಾರ್ಯಕ್ರಮಕ್ಕೂ ಅಂಕವಿಲ್ಲ ಎಂದು ಕರ್ನಾಟಕದ ಪರಿಷತ್ತು ತೀರ್ಮಾನಿಸಲಿ. ಪ್ರತಿ ಕಾರ್ಯಕ್ರಮದ ಖರ್ಚುವೆಚ್ಚ ಯಾರು ಕೊಟ್ಟರೆಂದು ಸಾರ್ವಜನಿಕವಾಗಿ ಪ್ರಕಟಿಸಲಿ. ಐದು ವರ್ಷಕ್ಕೆ 30 ಗಂಟೆ ಎಂದರೆ ವರ್ಷಕ್ಕೆ ಆರು ಗಂಟೆ, ಒಂದು ಭಾನುವಾರದ ಪಾಠ. ರಾಜ್ಯದ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಅವುಗಳಲ್ಲಿ ಸಭಾಂಗಣಗಳಿವೆ, ಪ್ರಾಧ್ಯಾಪಕರಿದ್ದಾರೆ, ಅವುಗಳನ್ನೆಲ್ಲ ಹಿಡಿದಿಡುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಮಧ್ಯಾಹ್ನದ ಊಟದ ಖರ್ಚನ್ನು ವೈದ್ಯರು ತಾವೇ ಹಂಚಿಕೊಳ್ಳಬಹುದು. ಪರಿಷತ್ತಿನ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಲು ಸಂಸತ್ತಿನ ಅನುಮತಿ ಬೇಕಿಲ್ಲ.